ಪುಡಿಯಲ್ಲ, ಚಕ್ಕೆ ಬೀಳಬೇಕು: ಕೈರೂಟರಿನಿಂದ ಅಕ್ರಿಲಿಕ್ ಕತ್ತರಿಸಿ ಅರ್ಧವೃತ್ತ ಫಲಕ ತಯಾರಿಸುವ ಬಗೆ

ಹತ್ತನೇ ತರಗತಿಯ ಬೆಳಕಿನ ಪಾಠ ಅಭ್ಯಾಸ ಬೋಧನೆಗೆ ಹೋಗುವ ವಿಜ್ಞಾನ ಪ್ರಶಿಕ್ಷಣಾರ್ಥಿಗಳಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪಾಠ. ವಕ್ರೀಭವನವನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಹೇಳಬಹುದು. ಆದರೆ ಪತನ ಕೋನ ಬದಲಾದಂತೆ ವಕ್ರಿಮ ಕೋನವೂ ಬದಲಾಗುವುದನ್ನು ಮಗು ತಾನೇ ಅಳೆದು ನೋಡಬೇಕಾದರೆ ಕೈಯಲ್ಲೊಂದು ಪಾರದರ್ಶಕ ಫಲಕ ಬೇಕು. ಈ ಅಳತೆಗೆ ಆಯತಾಕಾರದ ಗಾಜಿನ ಪಟ್ಟಿಗಿಂತ ಅರ್ಧವೃತ್ತದ ಫಲಕ ಅನುಕೂಲ. ನೇರ ಅಂಚಿನ ನಡುಬಿಂದುವಿನಲ್ಲಿ ಒಳಹೊಕ್ಕ ಕಿರಣ ಬಾಗಿದ ಅಂಚಿನಿಂದ ಹೊರಬರುವಾಗ ತ್ರಿಜ್ಯದ ಗುಂಟವೇ ಸಾಗುವುದರಿಂದ ಅಲ್ಲಿ ಮತ್ತೆ ಬಾಗುವುದಿಲ್ಲ. ಬಾಗುವುದು ಒಂದೇ ಕಡೆ, ಅಳೆಯುವುದೂ ಅಲ್ಲೇ.

ಉಳ್ಳಾರ್ತಿ ಕಾವಲ್, ಕುದಾಪುರ ಕಡೆಯ ಸೀಮೆ ಈಗ ವಿಜ್ಞಾನದ ಹೆಸರಿನಿಂದಲೇ ಪರಿಚಿತ. ಒಂದು ಕಾಲಕ್ಕೆ ಅಮೃತ ಮಹಲ್ ದನಗಳು ಮೇಯುತ್ತಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ, ಇಸ್ರೋ, ಡಿಆರ್‌ಡಿಒ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಜಾಗ ದೊರೆತಿದೆ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಶಾಲಾ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ಕಲಿಸುವ ತರಬೇತಿ ಕೊಡುತ್ತದೆ. ಆ ತರಬೇತಿಯ ಫಲ ಸುತ್ತಲಿನ ಶಾಲೆಯ ಬೆಂಚಿನವರೆಗೆ ತಲುಪಬೇಕಾದರೆ ಪ್ರತಿ ಗುಂಪಿಗೂ ಒಂದೊಂದು ಉಪಕರಣ ಇರಬೇಕು. 40 ಮಕ್ಕಳ ತರಗತಿಯಲ್ಲಿ ಒಂದೇ ಫಲಕವಿದ್ದರೆ ಪ್ರಯೋಗ ಮಾಡುವವರು ಶಿಕ್ಷಕರು, ನೋಡುವವರು ಮುಂದಿನ ಸಾಲಿನವರು. ನಾಲ್ವರಿಗೊಂದರಂತೆ 10 ಫಲಕ ಬೇಕು. ಅವನ್ನು ಕಾಲೇಜಿನ ಕಾರ್ಯಾಗಾರದಲ್ಲಿ ಕೈರೂಟರಿನಿಂದ ತಯಾರಿಸುವುದು ಹೇಗೆ, ಎಲ್ಲಿ ಕೆಡುತ್ತದೆ, ಕೆಟ್ಟ ಫಲಕ ಮಗುವಿನ ಕಲಿಕೆಗೆ ಏನು ಮಾಡುತ್ತದೆ ಎಂಬುದೇ ಈ ಲೇಖನದ ವಿಷಯ.

ಅಂಚು ಕೆಟ್ಟರೆ ಅಳತೆ ಕೆಡುತ್ತದೆ

ಮೊದಲು ಒಂದು ಲೆಕ್ಕ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.49. ಗಾಳಿಯಿಂದ 45 ಡಿಗ್ರಿ ಕೋನದಲ್ಲಿ ಬಂದ ಕಿರಣ ಫಲಕದೊಳಗೆ ಸುಮಾರು 28 ಡಿಗ್ರಿಗೆ ಬಾಗಬೇಕು. ಈಗ ನಮ್ಮ ಫಲಕದಲ್ಲಿ ಎರಡು ಬಗೆಯ ದೋಷ ಇರಬಹುದು ಎಂದುಕೊಳ್ಳಿ.

ಮೊದಲನೆಯದು ಅಳತೆಯ ದೋಷ. 60 ಮಿ.ಮೀ. ತ್ರಿಜ್ಯದ ಫಲಕದ ನೇರ ಅಂಚು ವೃತ್ತದ ಕೇಂದ್ರಕ್ಕಿಂತ 2 ಮಿ.ಮೀ. ಹಿಂದೆ ಸರಿದಿದೆ. ಆಗ ಹೊರಬರುವ ಕಿರಣ ತಪ್ಪುವುದು ಅರ್ಧ ಡಿಗ್ರಿಗಿಂತಲೂ ಕಡಿಮೆ. ಮಗುವಿನ ಕೋನಮಾಪಕ ಅದನ್ನು ಗುರುತಿಸುವುದೇ ಇಲ್ಲ.

ಎರಡನೆಯದು ಅಂಚಿನ ದೋಷ. ಕತ್ತರಿಸುವಾಗ ಅಕ್ರಿಲಿಕ್ ಕರಗಿ, ಅಂಚು ಅಲೆಅಲೆಯಾಗಿ ಗಟ್ಟಿಯಾಗಿದೆ. ಕಿರಣ ಬೀಳುವ ಜಾಗದಲ್ಲಿ ಆ ಅಲೆ 5 ಡಿಗ್ರಿಯಷ್ಟು ಓರೆಯಾಗಿದ್ದರೆ 28ರ ಬದಲು ಸುಮಾರು 26 ಡಿಗ್ರಿ ಬರಬಹುದು. ಆ ಅಂಕಿಯಿಂದ ಸೂಚ್ಯಂಕ ಕಂಡುಹಿಡಿದರೆ 1.49ರ ಜಾಗದಲ್ಲಿ 1.6ರ ಮೇಲೆ ಹೋಗುತ್ತದೆ.

ಮಗು ಸರಿಯಾಗಿಯೇ ಅಳೆದಿದೆ. ಉತ್ತರ ಮಾತ್ರ ಪುಸ್ತಕದ್ದಲ್ಲ. ಅಂಥ ಸಂದರ್ಭದಲ್ಲಿ ಮಕ್ಕಳು ಏನು ಮಾಡುತ್ತಾರೆಂಬುದು ತರಗತಿ ನೋಡಿದವರಿಗೆ ಗೊತ್ತು. ತಾವು ಕಂಡ ಅಂಕಿಯನ್ನು ಅಳಿಸಿ ಪುಸ್ತಕದಲ್ಲಿರುವುದನ್ನು ಬರೆಯುತ್ತಾರೆ. ಪ್ರಯೋಗವೆಂದರೆ ಗೊತ್ತಿರುವ ಉತ್ತರಕ್ಕೆ ಅಂಕಿ ಹೊಂದಿಸುವುದು ಎಂಬ ಪಾಠವನ್ನು ಆ ಫಲಕ ಕಲಿಸಿಬಿಟ್ಟಿತು. ಆದ್ದರಿಂದ ನಮ್ಮ ಗಮನ ಅಳತೆಯ ಮಿಲಿಮೀಟರಿಗಿಂತ ಹೆಚ್ಚಾಗಿ ಅಂಚಿನ ಮೇಲಿರಬೇಕು. ಅಂಚನ್ನು ಕೆಡಿಸುವುದು ಬಿಸಿ.

ಬಿಸಿ ಎಲ್ಲಿಗೆ ಹೋಗುತ್ತದೆ?

ಅಕ್ರಿಲಿಕ್ ಒಂದು ಪ್ಲಾಸ್ಟಿಕ್. ಅದರ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಕ್ರಿಲೇಟ್. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದು ಮೆತ್ತಗಾಗತೊಡಗುತ್ತದೆ. ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ: ಅದು ಶಾಖವನ್ನು ಬಹಳ ನಿಧಾನವಾಗಿ ಹರಿಯಬಿಡುತ್ತದೆ. ಅಲ್ಯೂಮಿನಿಯಂ ಅಕ್ರಿಲಿಕ್‌ಗಿಂತ ಸುಮಾರು ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅಲ್ಯೂಮಿನಿಯಂ ಕತ್ತರಿಸುವಾಗ ಹುಟ್ಟುವ ಬಿಸಿ ಇಡೀ ಹಾಳೆಗೆ ಹಂಚಿಹೋಗುತ್ತದೆ. ಅಕ್ರಿಲಿಕ್‌ನಲ್ಲಿ ಅದು ಹುಟ್ಟಿದಲ್ಲೇ ನಿಲ್ಲುತ್ತದೆ.

ಹಾಗಾದರೆ ಆ ಬಿಸಿಗೆ ಹೊರಹೋಗುವ ದಾರಿ ಯಾವುದು? ಮುಖ್ಯವಾಗಿ ಒಂದೇ. ಬಿಟ್ಟಿನ ಅಲಗು ಕೆತ್ತಿ ಎಸೆಯುವ ಚಕ್ಕೆ ತನ್ನೊಂದಿಗೆ ಬಿಸಿಯನ್ನು ಹೊತ್ತೊಯ್ಯಬೇಕು. ಚಕ್ಕೆ ದಪ್ಪವಾಗಿದ್ದರೆ ಹೆಚ್ಚು ಬಿಸಿ ಹೊರಹೋಗುತ್ತದೆ. ಚಕ್ಕೆ ತೀರ ತೆಳುವಾದರೆ ಅಲಗು ಕೆತ್ತುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಉಜ್ಜುವುದರಿಂದ ಬಿಸಿ ಹುಟ್ಟುತ್ತದೆ, ಹೊತ್ತೊಯ್ಯಲು ಚಕ್ಕೆಯಿಲ್ಲ, ಅಂಚು ಕರಗುತ್ತದೆ. ಕರಗಿದ್ದು ಬಿಟ್ಟಿಗೆ ಮೆತ್ತಿಕೊಂಡು, ಹಿಂದೆ ಕತ್ತರಿಸಿದ ಗೆರೆಯನ್ನೇ ಮತ್ತೆ ಬೆಸೆಯುವುದೂ ಉಂಟು.

ಹೊಸಬರು ತಪ್ಪುವುದು ಇಲ್ಲಿಯೇ. ಯಂತ್ರದ ಭಯದಿಂದ ನಿಧಾನವಾಗಿ ನೂಕುತ್ತಾರೆ. ಮರಕ್ಕೆ ಅದು ನಡೆದೀತು, ಹೆಚ್ಚೆಂದರೆ ಅಂಚು ಕಪ್ಪಾದೀತು. ಅಕ್ರಿಲಿಕ್‌ಗೆ ನಿಧಾನವೇ ಅಪಾಯ. ಕಾದ ಹೆಂಚಿನ ಮೇಲೆ ಹಾಕಿದ ರೊಟ್ಟಿಯನ್ನು ಸರಿಸದೆ ಬಿಟ್ಟರೆ ಸೀಯುತ್ತದೆ. ತಿರುಗುವ ಬಿಟ್ಟನ್ನು ಒಂದೇ ಕಡೆ ನಿಲ್ಲಿಸಿದರೆ ಅಕ್ರಿಲಿಕ್ ಕರಗುತ್ತದೆ. ಮಾರ್ಗದರ್ಶಕರು "ನಿಧಾನ, ಹುಷಾರು" ಎಂದು ಹೇಳುವ ಅಭ್ಯಾಸವನ್ನು ಇಲ್ಲಿ ಬದಲಿಸಿ "ಒಂದೇ ಸಮನೆ, ನಿಲ್ಲಿಸದೆ" ಎಂದು ಹೇಳಬೇಕು.

ಚಕ್ಕೆಯ ದಪ್ಪದ ಲೆಕ್ಕ

ಚಕ್ಕೆಯ ದಪ್ಪ ಮೂರು ಸಂಗತಿಗಳನ್ನು ಅವಲಂಬಿಸಿದೆ: ನೂಕುವ ವೇಗ, ಬಿಟ್ಟು ತಿರುಗುವ ವೇಗ ಮತ್ತು ಬಿಟ್ಟಿನಲ್ಲಿರುವ ಅಲಗುಗಳ ಸಂಖ್ಯೆ. ಒಂದು ಸೆಕೆಂಡಿನಲ್ಲಿ ರೂಟರು ಸಾಗಿದ ದೂರವನ್ನು ಅದೇ ಸೆಕೆಂಡಿನಲ್ಲಿ ಬೀಳುವ ಕೆತ್ತುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಚಕ್ಕೆಯ ದಪ್ಪ ಸಿಗುತ್ತದೆ. ಇದು ಏಳನೇ ತರಗತಿಯ ಮಗುವೂ ಮಾಡಬಲ್ಲ ಭಾಗಾಕಾರ.

ನಿಮಿಷಕ್ಕೆ 12,000 ಸುತ್ತು ತಿರುಗುವ ಎರಡಲಗಿನ ಬಿಟ್ಟನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 200 ಸುತ್ತು, 400 ಕೆತ್ತು. ರೂಟರನ್ನು ಸೆಕೆಂಡಿಗೆ 40 ಮಿ.ಮೀ. ನೂಕಿದರೆ ಪ್ರತಿ ಚಕ್ಕೆ 0.1 ಮಿ.ಮೀ. ದಪ್ಪ. ಇದು ಒಳ್ಳೆಯ ಚಕ್ಕೆ. ಅದೇ ಬಿಟ್ಟನ್ನು 30,000 ಸುತ್ತಿನ ಸಣ್ಣ ಟ್ರಿಮ್ಮರಿಗೆ ಹಾಕಿ, ಅದೇ ವೇಗದಲ್ಲಿ ನೂಕಿದರೆ ಸೆಕೆಂಡಿಗೆ 1,000 ಕೆತ್ತು, ಚಕ್ಕೆ 0.04 ಮಿ.ಮೀ.ಗೆ ಇಳಿಯುತ್ತದೆ. ಕೈ ಸ್ವಲ್ಪ ತಡೆದರೂ ಕರಗುವ ಮಟ್ಟಕ್ಕೆ ಬಂದಂತೆ.

ಇದರಿಂದ ಕೊಳ್ಳುವವರಿಗೆ ಎರಡು ಸೂಚನೆ ದೊರೆಯುತ್ತವೆ. ವೇಗ ಬದಲಿಸಲು ಬರುವ ರೂಟರನ್ನೇ ಕೊಳ್ಳಬೇಕು. ಒಂದೇ ವೇಗದ ಅಗ್ಗದ ಟ್ರಿಮ್ಮರು ಮರದ ಪಟ್ಟಿಗೆ ಸರಿ, ಅಕ್ರಿಲಿಕ್‌ಗೆ ಕಷ್ಟ. ಬಿಟ್ಟುಗಳಲ್ಲಿ ಪ್ಲಾಸ್ಟಿಕ್‌ಗೆಂದೇ ಬರುವ ಒಂದೇ ಅಲಗಿನ ಕಾರ್ಬೈಡ್ ಬಿಟ್ಟು ಉತ್ತಮ. ಅಲಗು ಒಂದೇ ಇರುವುದರಿಂದ ಚಕ್ಕೆ ದಪ್ಪವಾಗುತ್ತದೆ, ಚಕ್ಕೆ ಹೊರಬರಲು ಜಾಗವೂ ಹೆಚ್ಚಿರುತ್ತದೆ. ಮರ ಕತ್ತರಿಸಿ ಮೊಂಡಾದ ಬಿಟ್ಟನ್ನು ಅಕ್ರಿಲಿಕ್‌ಗೆ ಬಳಸಲೇಬಾರದು. ಮೊಂಡು ಅಲಗು ಎಷ್ಟು ಬೇಗ ನೂಕಿದರೂ ಉಜ್ಜುತ್ತದೆ.

ಹಾಳೆಯಲ್ಲಿಯೂ ಎರಡು ಬಗೆಯಿದೆ. ಅಚ್ಚಿಗೆ ಎರೆದು ಮಾಡಿದ ಹಾಳೆ ಚೆನ್ನಾಗಿ ಚಕ್ಕೆ ಬಿಡುತ್ತದೆ. ಒತ್ತಿ ಹೊರಡಿಸಿ ಮಾಡಿದ ಹಾಳೆ ಬೇಗ ಮೆತ್ತಗಾಗಿ ಬಿಟ್ಟಿಗೆ ಅಂಟುತ್ತದೆ. ಅಂಗಡಿಯಲ್ಲಿ 'ಕಾಸ್ಟ್ ಅಕ್ರಿಲಿಕ್' ಎಂದು ಕೇಳಿ ಪಡೆಯಬೇಕು. ನಾಮಫಲಕ ಮಾಡುವ ಅಂಗಡಿಗಳಲ್ಲಿ ಉಳಿದ ತುಂಡುಗಳು ಸಿಗುತ್ತವೆ. 120 ಮಿ.ಮೀ. ಅಗಲದ ಫಲಕಕ್ಕೆ ಪೂರ್ತಿ ಹಾಳೆ ಬೇಕಿಲ್ಲ.

ನಾಲ್ಕು ಗೆರೆಯ ಪರೀಕ್ಷೆ

ಫಲಕಕ್ಕೆ ಕೈಹಾಕುವ ಮೊದಲು ಪ್ರತಿ ಪ್ರಶಿಕ್ಷಣಾರ್ಥಿಯೂ ಉಳಿಕೆ ತುಂಡಿನ ಮೇಲೆ ಈ ಪರೀಕ್ಷೆ ಮಾಡಲಿ. ಒಂದಲಗಿನ 6 ಮಿ.ಮೀ. ಬಿಟ್ಟು, ನಿಮಿಷಕ್ಕೆ 16,000 ಸುತ್ತು, 2 ಮಿ.ಮೀ. ಆಳ, 300 ಮಿ.ಮೀ. ಉದ್ದದ ಗೆರೆ. ಜೊತೆಗಾರರು ಗಡಿಯಾರ ನೋಡಿ ಸೆಕೆಂಡು ಎಣಿಸಬೇಕು.

ಮೊದಲ ಗೆರೆಯನ್ನು 30 ಸೆಕೆಂಡಿನಲ್ಲಿ ಎಳೆಯಿರಿ. ಚಕ್ಕೆಯ ದಪ್ಪ 0.04 ಮಿ.ಮೀ.ಗೂ ಕಡಿಮೆ. ಎರಡನೆಯದು 15 ಸೆಕೆಂಡು, ಸುಮಾರು 0.075 ಮಿ.ಮೀ. ಮೂರನೆಯದು 8 ಸೆಕೆಂಡು, 0.14 ಮಿ.ಮೀ. ನಾಲ್ಕನೆಯದು 5 ಸೆಕೆಂಡು, 0.22 ಮಿ.ಮೀ.ಗಿಂತ ತುಸು ಹೆಚ್ಚು. ಪ್ರತಿ ಗೆರೆಯ ನಂತರ ಯಂತ್ರ ನಿಲ್ಲಿಸಿ ನಾಲ್ಕು ಸಂಗತಿಗಳನ್ನು ದಾಖಲಿಸಿ: ಬಿದ್ದದ್ದು ಪುಡಿಯೋ ಚಕ್ಕೆಯೋ, ಅಂಚಿನಲ್ಲಿ ಕರಗಿದ ಎಳೆ ಇದೆಯೋ, ವಾಸನೆ ಹೇಗಿತ್ತು, ಯಂತ್ರದ ಸದ್ದು ಬದಲಾಯಿತೋ.

ಸರಿಯಾದ ಗೆರೆಯಲ್ಲಿ ಬಿಳಿಯ ಸಣ್ಣ ಚಕ್ಕೆಗಳು ಬಿಡಿಬಿಡಿಯಾಗಿ ಹಾರುತ್ತವೆ, ಅಂಚು ಮಂಜುಗಾಜಿನಂತೆ ಸಮವಾಗಿರುತ್ತದೆ, ಘಾಟು ವಾಸನೆ ಇರುವುದಿಲ್ಲ. ತೀರ ನಿಧಾನದ ಗೆರೆಯಲ್ಲಿ ಅಂಟಂಟಾದ ದಾರ, ಚುಚ್ಚುವ ವಾಸನೆ. ತೀರ ವೇಗದಲ್ಲಿ ಯಂತ್ರ ಏದುಸಿರು ಬಿಟ್ಟಂತೆ ಸದ್ದು ಕುಗ್ಗುತ್ತದೆ, ಅಂಚಿನಲ್ಲಿ ಸಣ್ಣ ಸೀಳುಗಳು ಕಾಣಿಸುತ್ತವೆ. ನಿಮ್ಮ ಯಂತ್ರ, ನಿಮ್ಮ ಬಿಟ್ಟು, ನಿಮ್ಮ ಕೈ ಮೂರಕ್ಕೂ ಹೊಂದುವ ವೇಗ ಈ ನಡುವೆ ಎಲ್ಲೋ ಇದೆ. ಅದನ್ನು ಕಂಡುಕೊಳ್ಳುವುದೇ ಪರೀಕ್ಷೆಯ ಉದ್ದೇಶ.

ನಮ್ಮ ಭಾಗದ ಒಣ ಹವೆಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಚಕ್ಕೆಗಳು ಹಾಳೆಗೂ ಕೈಗೂ ಅಂಟಿಕೊಂಡು ಬಿಡುವುದಿಲ್ಲ. ಇದು ಕರಗಿದ್ದರ ಗುರುತಲ್ಲ, ಸ್ಥಾಯಿ ವಿದ್ಯುತ್ತು. ಒಣ ಬಟ್ಟೆಯಿಂದ ಉಜ್ಜಿದರೆ ಇನ್ನೂ ಹೆಚ್ಚಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಉಳಿಸಿಕೊಳ್ಳುವ ತುಂಡು ಎಡಕ್ಕಿರಲಿ

ಮೇಲಿನಿಂದ ನೋಡಿದರೆ ರೂಟರಿನ ಬಿಟ್ಟು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಮುಂದಕ್ಕೆ ನೂಕುವಾಗ ಬಿಟ್ಟಿನ ಮುಂಭಾಗದ ಅಲಗು ಎಡದಿಂದ ಬಲಕ್ಕೆ ಕೆತ್ತುತ್ತದೆ. ಅದರ ಪ್ರತಿಕ್ರಿಯೆಯಾಗಿ ಯಂತ್ರ ಎಡಕ್ಕೆ ಸರಿಯಲು ನೋಡುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಅಂಗೈಯಲ್ಲೇ ಅನುಭವಿಸುವ ಕ್ಷಣ ಇದು.

ಇದರಿಂದ ಒಂದು ಸರಳ ಸೂತ್ರ ಹೊರಡುತ್ತದೆ: ನೂಕುವ ದಿಕ್ಕಿಗೆ ಮುಖಮಾಡಿದಾಗ, ಉಳಿಸಿಕೊಳ್ಳಬೇಕಾದ ತುಂಡು ಎಡಗಡೆ ಇರಬೇಕು. ಆಸರೆಯ ನೇರಪಟ್ಟಿಯೂ ಎಡಗಡೆಯೇ ಇರಬೇಕು. ಆಗ ಯಂತ್ರ ತಾನಾಗಿಯೇ ಪಟ್ಟಿಗೆ ಒತ್ತಿಕೊಂಡು ಸಾಗುತ್ತದೆ. ಪಟ್ಟಿಯನ್ನು ಬಲಗಡೆ ಇಟ್ಟರೆ ಯಂತ್ರ ಪಟ್ಟಿಯನ್ನು ಬಿಟ್ಟು ದೂರ ಸರಿಯುತ್ತದೆ. ಇದೇ ಸೂತ್ರದಂತೆ, ತುಂಡಿನ ಹೊರ ಅಂಚನ್ನು ಸವರುವಾಗ ಗಡಿಯಾರದ ವಿರುದ್ಧ ದಿಕ್ಕಿಗೂ, ಒಳಗಿನ ಕಿಂಡಿಯ ಅಂಚನ್ನು ಸವರುವಾಗ ಗಡಿಯಾರದ ದಿಕ್ಕಿಗೂ ಹೋಗಬೇಕು. ಉಲ್ಟಾ ಹೋದರೆ ಬಿಟ್ಟು ಹಾಳೆಯ ಮೇಲೆ ಚಕ್ರದಂತೆ ಉರುಳಿ ಯಂತ್ರವನ್ನು ಕೈಯಿಂದ ಎಳೆದೊಯ್ಯಬಹುದು.

ಫಲಕ ತಯಾರಿಯ ಹಂತಗಳು

1. ಅಚ್ಚು. 12 ಮಿ.ಮೀ. ಪ್ಲೈವುಡ್‌ನಲ್ಲಿ 60 ಮಿ.ಮೀ. ತ್ರಿಜ್ಯದ ಅರ್ಧವೃತ್ತ ಗುರುತಿಸಿ, ಕತ್ತರಿಸಿ, ಗೆರೆಗೆ ಸರಿಯಾಗಿ ಉಜ್ಜಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇದಕ್ಕೇ. ಅಚ್ಚಿನಲ್ಲಿರುವ ತಗ್ಗುದಿಣ್ಣೆಯೆಲ್ಲ 10 ಫಲಕಕ್ಕೂ ಇಳಿಯುತ್ತದೆ. ಅಚ್ಚು ಸರಿಯಾದರೆ 10 ಫಲಕವೂ ಒಂದೇ ಅಳತೆ. ಕೈರೂಟರಿನ ಲಾಭ ಇರುವುದೇ ಈ ಪುನರಾವರ್ತನೆಯಲ್ಲಿ.

2. ಒರಟು ತುಂಡು. 12 ಮಿ.ಮೀ. ದಪ್ಪದ ಅಕ್ರಿಲಿಕ್‌ನಿಂದ 124 ಮತ್ತು 64 ಮಿ.ಮೀ.ಯ ಆಯತ ಕತ್ತರಿಸಬೇಕು. ಅಡಿಗೆ ಹಾಳಾದರೂ ಚಿಂತೆಯಿಲ್ಲದ ಹಲಗೆ ಇಟ್ಟು, ಹಾಳೆ ಮತ್ತು ನೇರಪಟ್ಟಿ ಎರಡನ್ನೂ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಹಾಳೆ ಅಲುಗಿದರೆ ಸೀಳುತ್ತದೆ. ಒಂದೇ ಸಲಕ್ಕೆ 12 ಮಿ.ಮೀ. ಆಳ ಬೇಡ, 3 ಮಿ.ಮೀ.ನಂತೆ ನಾಲ್ಕು ಸಲ. ಪ್ರತಿ ಸಲದ ನಂತರ ಕಾಲುವೆಯಲ್ಲಿ ತುಂಬಿದ ಚಕ್ಕೆಯನ್ನು ಬ್ರಶ್‌ನಿಂದ ತೆಗೆಯಿರಿ. ಅಲ್ಲೇ ಬಿಟ್ಟರೆ ಬಿಟ್ಟು ಅದನ್ನೇ ಮತ್ತೆ ಅರೆದು ಬಿಸಿಮಾಡುತ್ತದೆ. ಬಾಗಿದ ಬದಿಯ ಎರಡು ಮೂಲೆಗಳನ್ನು ಗೆರೆಯಿಂದ 2 ಮಿ.ಮೀ. ಹೊರಗೆ ಹ್ಯಾಕ್ಸಾ ಬ್ಲೇಡಿನಿಂದ ತೆಗೆದರೆ ಸಾಕು.

3. ಅಂಟಿಸುವುದು. ಒರಟು ತುಂಡನ್ನು ಅಡಿಹಲಗೆಗೂ, ಅಚ್ಚನ್ನು ಅದರ ಮೇಲೂ ಎರಡು ಬದಿ ಅಂಟಿನ ಟೇಪಿನಿಂದ ಅಂಟಿಸಿ. ಅಂಟಿಸುವ ಮುಖದ ರಕ್ಷಣಾ ಪೊರೆಯನ್ನು ತೆಗೆದುಬಿಡಿ. ಪೊರೆಯ ಮೇಲೆ ಅಂಟಿಸಿದರೆ ಪೊರೆಯೇ ಕಿತ್ತುಬರಬಹುದು. ಅಡಿಹಲಗೆಯನ್ನು ಬೆಂಚಿಗೆ ಬಿಗಿದು, ಕೈಯಿಂದ ಎಳೆದು ನೋಡಿ.

4. ಆಸರೆ. ರೂಟರಿನ ತಳ ಇಷ್ಟು ಸಣ್ಣ ಅಚ್ಚಿನ ಮೇಲೆ ಅರ್ಧ ಮಾತ್ರ ಕೂರುತ್ತದೆ, ಉಳಿದರ್ಧ ಗಾಳಿಯಲ್ಲಿ. ಕೈ ಸ್ವಲ್ಪ ವಾಲಿದರೂ ಅಂಚು ಓರೆಯಾಗಿ, ಕಿರಣ ಕಾಗದದ ಮೇಲೆ ಸಾಗದೆ ಮೇಲಕ್ಕೆ ಏಳುತ್ತದೆ. ಅಕ್ರಿಲಿಕ್ 12, ಅಚ್ಚು 12, ಒಟ್ಟು 24 ಮಿ.ಮೀ. ಅದೇ ಎತ್ತರದ ಹಲಗೆತುಂಡುಗಳನ್ನು ಸುತ್ತಲೂ, ಬಿಟ್ಟು ಹಾಯುವಷ್ಟು ಜಾಗ ಬಿಟ್ಟು ಇರಿಸಿ, ಅವನ್ನೂ ಅಡಿಹಲಗೆಗೆ ಭದ್ರಪಡಿಸಿದರೆ ತಳ ಎರಡೂ ಕಡೆ ಕೂರುತ್ತದೆ.

5. ಸವರುವುದು. ಬೇರಿಂಗ್ ಇರುವ ನೇರ ಬಿಟ್ಟನ್ನು, ಬೇರಿಂಗ್ ಅಚ್ಚಿನ ಅಂಚಿಗೆ ತಾಗುವಂತೆ ಹೊಂದಿಸಿ. ತೆಗೆಯುವುದು 2 ಮಿ.ಮೀ. ಮಾತ್ರ. ಮೊದಲು ಬಾಗು, ಆಮೇಲೆ ನೇರ. ಬಾಗಿನ ಕೊನೆಯಲ್ಲಿ ಬಿಟ್ಟು ಹೊರಬೀಳುವಾಗ ಮೂಲೆ ಸಿಡಿದರೂ, ನೇರ ಅಂಚನ್ನು ಸವರುವಾಗ ಆ ಭಾಗ ಹೋಗಿಬಿಡುತ್ತದೆ. ಅರ್ಧವೃತ್ತದ ಬಾಗಿನ ಉದ್ದ ಸುಮಾರು 188 ಮಿ.ಮೀ. ಸೆಕೆಂಡಿಗೆ 40 ಮಿ.ಮೀ.ನಂತೆ 5 ಸೆಕೆಂಡಿಗಿಂತ ಕಡಿಮೆ. ಇಷ್ಟು ಚಿಕ್ಕ ಕೆಲಸವಾದ್ದರಿಂದ ಯಂತ್ರ ಚಾಲೂ ಮಾಡದೆ ಎರಡು ಮೂರು ಬಾರಿ ಕೈ ಆಡಿಸಿ, ನಿಲ್ಲುವ ಜಾಗ, ವೈರು ಬರುವ ದಾರಿ ಎಲ್ಲ ಖಚಿತಪಡಿಸಿಕೊಂಡು ಆಮೇಲೆ ಶುರುಮಾಡಿ.

6. ಹೊಳಪು. ಅಂಚನ್ನು ನೀರು ಹಾಕುತ್ತ 320, 400, 600, 1000, 1500 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ ಉಜ್ಜಿ. ನೇರ ಅಂಚಿಗೆ ಪೇಪರನ್ನು ಗಾಜಿನ ಹಲಗೆಯ ಮೇಲೆ ಹಾಸಿ ಫಲಕವನ್ನು ಆಡಿಸಿದರೆ ಅಂಚು ಚಪ್ಪಟೆಯಾಗಿಯೇ ಉಳಿಯುತ್ತದೆ. ಹಿಂದಿನ ನಂಬರಿನ ಗೀರು ಪೂರ್ತಿ ಮಾಯವಾಗದೆ ಮುಂದಿನ ನಂಬರಿಗೆ ಹೋಗಬೇಡಿ. ಕೊನೆಗೆ ಲೋಹದ ಪಾಲಿಶ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಫಲಕದ ಅಡಿಮುಖವನ್ನು ಮಾತ್ರ 400ರ ಪೇಪರಿನಿಂದ ಉಜ್ಜಿ ಮಬ್ಬುಮಾಡಿ. ಕಿರಣ ಫಲಕದೊಳಗೆ ಸಾಗಿದ ದಾರಿ ಆ ಮಬ್ಬಿನ ಮೇಲೆ ಗೆರೆಯಾಗಿ ಕಾಣುತ್ತದೆ.

ಸ್ವಚ್ಛ ಮಾಡಲು ಸೋಪಿನ ನೀರು ಸಾಕು. ಸ್ಪಿರಿಟ್, ಥಿನ್ನರ್ ಬೇಡ. ಕತ್ತರಿಸುವಾಗ ಬಿಸಿಯಾದ ಅಂಚಿನಲ್ಲಿ ಒಳಗೊಳಗೇ ಬಿಗಿತ ಉಳಿದಿರುತ್ತದೆ. ಅದಕ್ಕೆ ಸ್ಪಿರಿಟ್ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ.

ಸುರಕ್ಷತೆ ಪಾಠಯೋಜನೆಯ ಭಾಗ

ಈ ಕೆಲಸ ಕಾಲೇಜಿನ ಕಾರ್ಯಾಗಾರದಲ್ಲಿ, ಯಂತ್ರ ಬಲ್ಲವರ ಎದುರಿನಲ್ಲಿ ಆಗಬೇಕೇ ಹೊರತು ಶಾಲೆಯಲ್ಲಿ, ಮಕ್ಕಳ ಮುಂದೆ ಅಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಮಾಸ್ಕ್ ಕಡ್ಡಾಯ. ಸೀರೆ, ಚೂಡಿದಾರವೇ ಸಮವಸ್ತ್ರವಾಗಿರುವ ಕಾಲೇಜುಗಳಲ್ಲಿ ಸೆರಗು, ದುಪಟ್ಟಾಗಳ ವಿಚಾರವನ್ನು ಸಂಕೋಚವಿಲ್ಲದೆ ಮೊದಲೇ ಮಾತಾಡಬೇಕು. ಸೆರಗು ಸಿಕ್ಕಿಸಿ ಮೇಲೊಂದು ಬಿಗಿಯಾದ ಕೋಟು ಹಾಕಿಕೊಳ್ಳಬೇಕು, ದುಪಟ್ಟಾ ತೆಗೆದಿಡಬೇಕು, ಜಡೆ ಮೇಲಕ್ಕೆ ಕಟ್ಟಬೇಕು. ಉಡುಪಿನ ಕಾರಣಕ್ಕೆ ಪ್ರಶಿಕ್ಷಣಾರ್ಥಿನಿಯರನ್ನು ಯಂತ್ರದಿಂದ ದೂರ ಕೂರಿಸುವುದು ಪರಿಹಾರವಲ್ಲ. ನಾಳೆ ಪ್ರಯೋಗಶಾಲೆ ನೋಡಿಕೊಳ್ಳುವವರು ಅವರೇ.

ಕೈಗವಸು ಬೇಡ; ತಿರುಗುವ ಬಿಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬಿಟ್ಟು ಬದಲಿಸುವ ಮುನ್ನ ಪ್ಲಗ್ ಕಿತ್ತಿರಬೇಕು, ಸ್ವಿಚ್ ಆರಿಸಿದರೆ ಸಾಲದು. 6 ಮಿ.ಮೀ. ಬಿಟ್ಟಿಗೂ ಕಾಲು ಇಂಚಿನ ಬಿಟ್ಟಿಗೂ ಬೇರೆ ಬೇರೆ ಕೊಲೆಟ್ ಬೇಕು. ಒಂದಕ್ಕೆ ಇನ್ನೊಂದನ್ನು ಬಿಗಿದರೆ ತಿರುಗುವಾಗ ಜಾರುತ್ತದೆ. ಬಿಟ್ಟನ್ನು ಕೊಲೆಟ್‌ನ ತಳದವರೆಗೆ ಇಳಿಸಿ, 2 ಮಿ.ಮೀ. ಮೇಲೆತ್ತಿ ಬಿಗಿಯಬೇಕು. ಎರಡೂ ಕೈ ಯಂತ್ರದ ಮೇಲಿರಲಿ. ಕೆಲಸ ಮುಗಿದ ಮೇಲೆ ಬಿಟ್ಟು ಪೂರ್ತಿ ನಿಲ್ಲುವವರೆಗೆ ಎತ್ತಬಾರದು. ಪಕ್ಕದಲ್ಲಿ ಒಬ್ಬರು ಸ್ವಿಚ್‌ಬೋರ್ಡಿನ ಬಳಿ ನಿಂತಿರಲಿ. ಅವರಿಗೆ ಬೇರೆ ಕೆಲಸ ಕೊಡಬಾರದು.

ತರಗತಿಗೆ ಒಯ್ಯುವ ಮುನ್ನ

ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಫಲಕ ಸಿದ್ಧವಾಗಲಿಲ್ಲ. ಬಿಳಿ ಕಾಗದದ ಮೇಲೆ ಕೋನಗಳನ್ನು ಗುರುತಿಸಿ, ಫಲಕದ ನೇರ ಅಂಚಿನ ನಡುಬಿಂದುವನ್ನು ಕೇಂದ್ರದ ಮೇಲಿರಿಸಿ. ಗುಂಡುಸೂಜಿಗಳಿಂದಲೋ, ಯಾರ ಕಣ್ಣಿಗೂ ಬೀಳದಂತೆ ಕಾಗದದ ಗುಂಟ ಹಿಡಿದ ಲೇಸರ್ ಪೆನ್ನಿನಿಂದಲೋ ಈ ಮೂರು ಪರೀಕ್ಷೆ ಮಾಡಿ.

ಮೊದಲನೆಯದಾಗಿ, ನೇರ ಅಂಚಿಗೆ ಲಂಬವಾಗಿ ನಡುಬಿಂದುವಿಗೆ ಬಿಟ್ಟ ಕಿರಣ ಬಾಗದೆ ನೇರವಾಗಿ ಹೊರಬರಬೇಕು. ಎರಡನೆಯದಾಗಿ, ಪತನ ಕೋನ 30 ಇದ್ದಾಗ ಸುಮಾರು 19.5, 45ಕ್ಕೆ 28, 60ಕ್ಕೆ 35.5 ಡಿಗ್ರಿ ಬರಬೇಕು. ಒಂದು ಡಿಗ್ರಿ ಆಚೀಚೆ ಒಪ್ಪಬಹುದು. ಎಡದಿಂದಲೂ ಬಲದಿಂದಲೂ ನೋಡಬೇಕು. ಎರಡು ಕಡೆ ಬೇರೆ ಬೇರೆ ಉತ್ತರ ಬಂದರೆ ಅಂಚಿನಲ್ಲಿ ಅಲೆಯಿದೆ, ಅಥವಾ ಫಲಕ ಕೇಂದ್ರದ ಮೇಲೆ ಕೂತಿಲ್ಲ. ಮೂರನೆಯದಾಗಿ, ಬಾಗಿದ ಕಡೆಯಿಂದ ಕೇಂದ್ರದತ್ತ ಕಿರಣ ಬಿಟ್ಟು ಕೋನ ಹೆಚ್ಚಿಸುತ್ತ ಹೋದಾಗ, ಸುಮಾರು 42 ಡಿಗ್ರಿ ದಾಟಿದೊಡನೆ ಕಿರಣ ಹೊರಬರುವುದು ನಿಂತು ಪೂರ್ತಿ ಒಳಗೇ ಪ್ರತಿಫಲಿಸಬೇಕು.

ಫಲಕ ಈ ಪರೀಕ್ಷೆಯಲ್ಲಿ ಸೋತರೆ ಅಂಚನ್ನು ಮತ್ತೆ ಅಚ್ಚಿಗೆ ಕಟ್ಟಿ ಸವರಬಹುದು, ಇಲ್ಲವೇ ಪಕ್ಕಕ್ಕಿಡಬಹುದು. ತರಗತಿಗೆ ಮಾತ್ರ ಒಯ್ಯಬಾರದು. ಗೆದ್ದ ಫಲಕದ ವಿಚಾರದಲ್ಲಿಯೂ ಅದರ ಮಿತಿಯನ್ನು ಮೀರಿ ಮಾತಾಡಬಾರದು. 1.52 ಸೂಚ್ಯಂಕದ ಗಾಜಿನಲ್ಲಿ 45 ಡಿಗ್ರಿ ಕಿರಣ ಬಾಗುವುದು 27.7ಕ್ಕೆ, ಅಕ್ರಿಲಿಕ್‌ನಲ್ಲಿ 28.3ಕ್ಕೆ. ಶಾಲೆಯ ಕೋನಮಾಪಕ ಈ ವ್ಯತ್ಯಾಸವನ್ನು ತೋರಿಸಲಾರದು. ಗಾಜಿಗೂ ಅಕ್ರಿಲಿಕ್‌ಗೂ ಇರುವ ಭೇದವನ್ನು ಈ ಫಲಕದಿಂದ ತೋರಿಸುತ್ತೇನೆ ಎಂದು ಪಾಠಯೋಜನೆಯಲ್ಲಿ ಬರೆಯಬೇಡಿ.

ಅಭ್ಯಾಸ ಬೋಧನೆಯಲ್ಲಿ ಇದರ ಸ್ಥಾನ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ ಕೋರ್ಸಾಗಿ, ಶಾಲಾ ಇಂಟರ್ನ್‌ಶಿಪ್‌ಗೆ ಒಟ್ಟು 20 ವಾರ ದೊರೆಯುತ್ತಿದೆ. ಮೊದಲ ವರ್ಷದಲ್ಲಿ ತಯಾರಿಸಿದ ಉಪಕರಣವನ್ನು ಎರಡನೆಯ ವರ್ಷದ ಸುದೀರ್ಘ ಇಂಟರ್ನ್‌ಶಿಪ್‌ನಲ್ಲಿ ಬಳಸಿ, ಅದರ ದೋಷಗಳನ್ನು ಕಂಡು ತಿದ್ದಲು ಇಷ್ಟು ಅವಧಿ ಸಾಕು. ಆದರೆ ಬೋಧನೋಪಕರಣಗಳಿಗೆ ಅಂಕ ಕೊಡುವಾಗ ನಾವು ಬಣ್ಣ, ಅಂದ, ಗಾತ್ರಗಳನ್ನು ನೋಡುವಷ್ಟು ಅದು ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುವುದಿಲ್ಲ. ಅಳತೆಗೆ ಬಳಸುವ ಪ್ರತಿ ಉಪಕರಣದ ಜೊತೆ ಒಂದು ಪರೀಕ್ಷಾ ಚೀಟಿ ಇರಲಿ: ಯಾವ ಕೋನಕ್ಕೆ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ವ್ಯತ್ಯಾಸ. ಮಾರ್ಗದರ್ಶಕ ಶಿಕ್ಷಕರು ಅಂಕ ಕೊಡುವ ಮೊದಲು ಅದನ್ನು ಓದಲಿ.

ಎಲ್ಲದಕ್ಕೂ ಅಕ್ರಿಲಿಕ್ ಬೇಕೆಂದಲ್ಲ. ಭಿನ್ನರಾಶಿಯ ಚಕ್ರಕ್ಕೆ ರಟ್ಟು ಸಾಕು, ಜಿಯೋಬೋರ್ಡಿಗೆ ಹಲಗೆ ಮತ್ತು ಮೊಳೆ ಸಾಕು. ಬೆಳಕು ಒಳಗೆ ಹಾಯ್ದು ಕಲಿಸಬೇಕಾದ ಕಡೆ ಮಾತ್ರ ಪಾರದರ್ಶಕ ವಸ್ತುವಿಗೆ ಇಷ್ಟು ಶ್ರಮ ಸಾರ್ಥಕ. 3 ಮಿ.ಮೀ.ನ ತೆಳು ಹಾಳೆಯ ಆಕಾರಗಳು ಬೇಕಿದ್ದು, ಹತ್ತಿರದಲ್ಲಿ ಲೇಸರ್ ಕಟಿಂಗ್ ಮಾಡುವ ಅಂಗಡಿ ಇದ್ದರೆ ಅಲ್ಲಿ ಕೊಟ್ಟು ಮಾಡಿಸುವುದರಲ್ಲಿ ತಪ್ಪೇನಿಲ್ಲ.

ಫಲಕವನ್ನು ಮಕ್ಕಳ ಕೈಗೆ ಕೊಡುವ ದಿನ, ನಾಲ್ಕು ಗೆರೆಯ ಪರೀಕ್ಷೆಯ ತುಂಡನ್ನೂ ಚೀಲದಲ್ಲಿ ಒಯ್ಯಿರಿ. ಕರಗಿದ ಗೆರೆ, ಸರಿಯಾದ ಗೆರೆ ಎರಡನ್ನೂ ಮಕ್ಕಳು ಬೆರಳಿನಿಂದ ಮುಟ್ಟಿ ನೋಡಲಿ. ಯಾವ ಗೆರೆಯನ್ನು ಬೇಗ ಎಳೆದಿರಬಹುದು ಎಂದು ಕೇಳಿ. ಹೆಚ್ಚಿನವರು ಕರಗಿದ್ದನ್ನೇ ತೋರಿಸಬಹುದು. ಅಲ್ಲಿಂದ ಶಾಖದ ಪಾಠ ಶುರುವಾಗುತ್ತದೆ.